ಸಾಕವ್ವನೂ ಅವರೇ, ಪುಟ್ಮಲ್ಲಿಯೂ ಅವರೇ

ಉಮಾಶ್ರೀ ಅಂದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಹೆಂಗಸು ನೆನಪಾಗುತ್ತಾಳೆ. ಅವ್ವನಿಗೆ ಅವರು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ. ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದವಳು. ಅಪ್ಪನಿಗೆ ‘ಪುಟ್ನಂಜ’ ಸಿನಿಮಾದ ಪುಟ್ಮಲ್ಲಿ. ಕಾಕಾನಿಗೆ ಮಾತ್ರ ಹೆಸರು ಕೇಳಿದ ತಕ್ಷಣ ಮೀಸೆಯೊಳಗೇ ಒಂದು ನಗು. ‘ಆಕಿ ಡಬಲ್ ಮೀನಿಂಗ್ ಉಮಾಶ್ರೀ ಅಲ್ಲೇನ?’ ಅನ್ನುತ್ತಾನೆ. ಕಾಲೇಜಿನ ಕನ್ನಡ ಮೇಡಂ ಬಾಯಲ್ಲಿ ಇದೇ ಹೆಸರು ಬಂದರೆ ಅದರ ಜೊತೆ ‘ಒಡಲಾಳ’ದ ಸಾಕವ್ವ ಬರುತ್ತಾಳೆ, ರಾಷ್ಟ್ರಪ್ರಶಸ್ತಿ ಬರುತ್ತದೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಕಾಕಾನ ನಗುವಿನ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಹೇಳುವುದಕ್ಕೇ ಈ ಬರಹ.

ಉಮಾಶ್ರೀ ಅವರ ಕಥೆಯನ್ನು ನಾವು ಸಾಮಾನ್ಯವಾಗಿ ಹೇಗೆ ಹೇಳುತ್ತೇವೆ? ಮೊದಲು ಅಗ್ಗದ ಹಾಸ್ಯ ಮಾಡುತ್ತಿದ್ದರು, ಆಮೇಲೆ ಗಂಭೀರ ಪಾತ್ರ ಸಿಕ್ಕಿತು, ‘ಗುಲಾಬಿ ಟಾಕೀಸ್’ ಬಂತು, ಪ್ರಶಸ್ತಿ ಬಂತು, ಕೊನೆಗೆ ಮಂತ್ರಿಯಾದರು. ಕೆಸರಿನಿಂದ ಮೇಲೆದ್ದ ಕಮಲದ ಕಥೆ. ಕೇಳಲು ಚೆಂದ, ಮೋಟಿವೇಶನ್ ಭಾಷಣಕ್ಕೂ ಹೊಂದುತ್ತದೆ. ಆದರೆ ಅದು ನಡೆದದ್ದು ಹಾಗಲ್ಲ. ಅವರು ಮೊದಲಿನಿಂದಲೂ ನಾಟಕದವರು. 1957ರಲ್ಲಿ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿ, ಬಡತನ ಕಂಡು, ಮುರಿದ ಸಂಸಾರದ ಆಚೆ ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದವರು. ಕಾಶೀನಾಥ್ ಅವರ ‘ಅನುಭವ’ (1984) ಸಿನಿಮಾದಿಂದ ಜನ ಗುರುತು ಹಿಡಿದರು. ಅಲ್ಲಿಂದ ಮುಂದೆ ಚಿತ್ರರಂಗ ಅವರಿಗೆ ಕೊಟ್ಟಿದ್ದು ಬಹುತೇಕ ಒಂದೇ ಥರದ ಪಾತ್ರ. ಎನ್.ಎಸ್. ರಾವ್ ಜೊತೆಗಿನ ಜೋಡಿ, ಎರಡರ್ಥದ ಮಾತು, ಥಿಯೇಟರಿನಲ್ಲಿ ಶಿಳ್ಳೆ. ಈ ಶಿಳ್ಳೆಯ ವರ್ಷಗಳಲ್ಲೂ ಅವರು ರಂಗಭೂಮಿಯನ್ನು ಬಿಡಲಿಲ್ಲ. ಒಂದು ಮುಗಿದು ಇನ್ನೊಂದು ಶುರುವಾದದ್ದಲ್ಲ, ಎರಡೂ ಜೊತೆಜೊತೆಗೇ ನಡೆದವು.

ಸಾಕವ್ವ ಯಾರೆಂದು ಗೊತ್ತಿಲ್ಲದವರಿಗೆ ಎರಡು ಮಾತು. ‘ಒಡಲಾಳ’ ದೇವನೂರ ಮಹಾದೇವ ಅವರ ಕಥೆ. ಅದನ್ನು ರಂಗಕ್ಕೆ ತಂದವರು ಸಿಜಿಕೆ ಎಂದೇ ಹೆಸರಾದ ಸಿ.ಜಿ. ಕೃಷ್ಣಸ್ವಾಮಿ. ಸಾಕವ್ವ ದಲಿತ ಕೇರಿಯ ಮುದುಕಿ. ಅವಳ ಹುಂಜ ಕಳೆದಿದೆ. ಹುಡುಕುತ್ತಾಳೆ, ಕಂಡಕಂಡವರನ್ನು ಕೇಳುತ್ತಾಳೆ, ಬಯ್ಯುತ್ತಾಳೆ. ಮನೆ ತುಂಬ ಜನ, ಹೊಟ್ಟೆ ತುಂಬ ಹಸಿವು. ರಾತ್ರಿ ಎಲ್ಲರೂ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಕಥೆ ಅಂತ ಹೇಳಹೊರಟರೆ ಇಷ್ಟೇ. ಆದರೆ ಒಂದು ಹುಂಜ ಕಳೆದರೆ ಒಂದು ಮನೆಯಲ್ಲಿ ಏನೇನು ಕಳೆಯುತ್ತದೆ ಎನ್ನುವುದನ್ನು ಆ ಮುದುಕಿಯ ಮೈ, ಬಾಯಿ, ಕೋಪದ ಮೂಲಕವೇ ತೋರಿಸಬೇಕು. ಅದನ್ನು ಮಾಡಿದಾಗ ಉಮಾಶ್ರೀ ಮುದುಕಿಯಾಗಿರಲಿಲ್ಲ. ತುಮಕೂರು ಜಿಲ್ಲೆಯವರು, ನಂಜನಗೂಡು ಕಡೆಯ ಕನ್ನಡವನ್ನು ನಾಲಿಗೆಗೆ ತಂದುಕೊಂಡರು. ಸಾಕವ್ವ ಎಂದರೆ ಉಮಾಶ್ರೀ ಎನ್ನುವಷ್ಟು ಆ ಪಾತ್ರ ಅವರದಾಯಿತು.

ಈಗ ಕಾಕಾನ ನಗುವಿಗೆ ಬರೋಣ. ಆ ಎರಡರ್ಥದ ಸೀನುಗಳು ನನಗೂ ಇಷ್ಟವಿಲ್ಲ. ಮೊಬೈಲಿನಲ್ಲಿ ತುಣುಕುಗಳಾಗಿ ಈಗಲೂ ಓಡಾಡುತ್ತವೆ, ಹಾಸ್ಟೆಲಿನಲ್ಲಿ ಯಾರಾದರೂ ಹಾಕುತ್ತಾರೆ, ನಾನು ಎದ್ದುಹೋಗುತ್ತೇನೆ. ಅವುಗಳಲ್ಲಿ ಬಹಳಷ್ಟು ಹೆಂಗಸರ ಮೈಯನ್ನೇ ಗೇಲಿ ಮಾಡುವ ಹಾಸ್ಯ. ಆದರೆ ಆ ಮಾತುಗಳನ್ನು ಬರೆದವರು ಯಾರು? ಸೆನ್ಸಾರಿಗೆ ಸಿಗದ ಹಾಗೆ ಹೊಸೆದವರು ಯಾರು? ಕ್ಯಾಮೆರಾ ಎಲ್ಲಿಡಬೇಕೆಂದು ಹೇಳಿದವರು ಯಾರು? ದುಡ್ಡು ಹಾಕಿದವರು, ಟಿಕೆಟ್ ಕೊಂಡು ಮುಂದಿನ ಸೀಟಿನಲ್ಲಿ ಕೂತವರು ಯಾರು? ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಅದೇ ಸೀನಿನಲ್ಲಿ ಅದೇ ಥರದ ಮಾತಿಗೆ ಎನ್.ಎಸ್. ರಾವ್ ಉತ್ತರ ಕೊಡುತ್ತಿದ್ದರು. ಅವರನ್ನು ಇವತ್ತಿಗೂ ‘ಒಳ್ಳೆ ಕಾಮಿಡಿ ನಟ’ ಎಂದು ನೆನೆಯುತ್ತಾರೆ, ನೆನೆಯಲಿ, ಅವರು ಒಳ್ಳೆಯ ನಟರೇ. ಆದರೆ ‘ಡಬಲ್ ಮೀನಿಂಗ್’ ಎನ್ನುವ ಪದ ಮನೆಹೆಸರಿನ ಹಾಗೆ ಅಂಟಿಕೊಂಡಿದ್ದು ಉಮಾಶ್ರೀ ಹೆಸರಿಗೆ ಮಾತ್ರ. ಎಲ್ಲರೂ ಸೇರಿ ಊಟ ಮಾಡಿ ಬಿಲ್ಲನ್ನು ಒಬ್ಬಳ ಮುಂದೆ ಇಟ್ಟು ಎದ್ದುಹೋದರೆ ಹೇಗೋ, ಹಾಗೆ.

ಇನ್ನೊಂದು ಲೆಕ್ಕ ನೋಡಿ. ‘ಪುಟ್ನಂಜ’ ಬಂದದ್ದು 1995ರಲ್ಲಿ. ಅದರಲ್ಲಿ ರವಿಚಂದ್ರನ್ ಮೊಮ್ಮಗ, ಉಮಾಶ್ರೀ ಅಜ್ಜಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಂದರೆ ಅಜ್ಜಿಗೂ ಮೊಮ್ಮಗನಿಗೂ ಇದ್ದ ಅಂತರ ನಾಲ್ಕು ವರ್ಷ! ಮೊಮ್ಮಗ ಆ ಸಿನಿಮಾದ ಹೀರೊ, ಆಮೇಲೆಯೂ ಹತ್ತಾರು ಸಿನಿಮಾಗಳಿಗೆ ಹೀರೊ. ಮೂವತ್ತೆಂಟರ ಹೆಂಗಸಿಗೆ ತಲೆಗೆ ಬಿಳಿ ಬಣ್ಣ. ಪುಟ್ಮಲ್ಲಿಯನ್ನು ನಮ್ಮ ಅಪ್ಪ ಇನ್ನೂ ಮರೆತಿಲ್ಲ ಎಂದರೆ ಅದು ಆ ಬಿಳಿ ಬಣ್ಣದ ಮಹಿಮೆಯಲ್ಲ. ಕೊಟ್ಟ ಪಾತ್ರ ಯಾವುದೇ ಇರಲಿ, ಅದನ್ನು ನಂಬುವಂತೆ ಮಾಡುವ ಕಸುಬು ಅವರ ಕೈಯಲ್ಲಿತ್ತು. ಸಾಕವ್ವನಿಗೆ ಬಳಸಿದ್ದೂ ಪುಟ್ಮಲ್ಲಿಗೆ ಬಳಸಿದ್ದೂ ಅದೇ ಕಸುಬು. ಒಂದನ್ನು ಕಲೆ, ಇನ್ನೊಂದನ್ನು ಹೊಟ್ಟೆಪಾಡು ಎಂದು ಹೊರಗೆ ನಿಂತವರು ವಿಂಗಡಿಸಬಹುದು. ರಾತ್ರಿ ನಿದ್ದೆಗೆಟ್ಟು ಮಾತು ಬಾಯಿಪಾಠ ಮಾಡುವವರಿಗೆ ಎರಡೂ ಕೆಲಸವೇ.

ಇದನ್ನು ನಾನು ಇಷ್ಟು ಜೋರಾಗಿ ಹೇಳಲು ನಮ್ಮೂರೂ ಕಾರಣ. ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಅಂದರೆ ಹೊರಗಿನವರಿಗೆ ದೀಪನಾಥೇಶ್ವರ ಗೊತ್ತು, ಅಷ್ಟೇ. ಆದರೆ ನಮ್ಮ ಸುತ್ತಿನ ಹಳ್ಳಿಗಳಿಗೆ, ಅತ್ತ ಹಾನಗಲ್ಲ ಕಡೆಗೆ, ನಾಟಕದ ಹುಚ್ಚು ಬಹಳ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟು ಹಾಕಿದರೆ ಟ್ರ್ಯಾಕ್ಟರ್ ಮಾಡಿಕೊಂಡು ಹೋಗುವವರಿದ್ದಾರೆ. ಊರಲ್ಲೇ ಜಾತ್ರೆಗೋ ಹಬ್ಬಕ್ಕೋ ಸಾಮಾಜಿಕ ನಾಟಕ ಆಡುವುದಂತೂ ಇದ್ದದ್ದೇ. ಎರಡು ತಿಂಗಳು ಮೊದಲೇ ಮಾಸ್ತರು ಬಂದು ಹಾರ್ಮೋನಿಯಂ ಇಟ್ಟುಕೊಂಡು ತಾಲೀಮು ಶುರುಮಾಡುತ್ತಾರೆ. ಹೊಲಕ್ಕೆ ಹೋಗಿ ಬಂದ ಹುಡುಗರು ರಾತ್ರಿ ಹನ್ನೆರಡರವರೆಗೆ ಪಾರ್ಟು ಒಪ್ಪಿಸುತ್ತಾರೆ. ಎಲ್ಲರೂ ಗಂಡಸರು. ಸ್ತ್ರೀ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಗೊತ್ತುಮಾಡಬೇಕು. ಊರ ಹುಡುಗಿಯರು ಕುಣಿಯುವ ಮಾತೇ ಇಲ್ಲ.

ಆ ಕಲಾವಿದೆಯರು ಎಷ್ಟೋ ಸಲ ನಾಟಕದ ದಿನವೇ ಬಂದಿಳಿಯುತ್ತಾರೆ. ಜೊತೆಗೊಬ್ಬ ತಾಯಿಯೋ, ಕಂಕುಳಲ್ಲೊಂದು ಕೂಸೋ. ಮುಖ ಪರಿಚಯವೂ ಇಲ್ಲದ ಹೀರೊ, ಮಾತು ಮರೆಯುವ ಖಳನಾಯಕ, ಕುಡಿದು ಬಂದ ಹಾಸ್ಯಗಾರ. ಇವರೆಲ್ಲರನ್ನೂ ಸಂಭಾಳಿಸಿಕೊಂಡು ರಾತ್ರಿ ಹತ್ತೂವರೆಗೆ ಶುರುವಾದ ನಾಟಕವನ್ನು ಬೆಳಗಿನ ಐದಕ್ಕೆ ದಡ ಮುಟ್ಟಿಸುವವರು ಅವರು. ಹೀರೊ ಮಾತು ನುಂಗಿದರೆ ಇವರು ತಮ್ಮ ಮಾತಿನೊಳಗೇ ಅವನ ಮಾತನ್ನೂ ಸೇರಿಸಿ ಹೇಳಿ ಕಥೆ ಮುಂದೆ ಸಾಗಿಸುತ್ತಾರೆ. ಎಷ್ಟೋ ನಾಟಕಗಳು ಅವರಿಗೆ ಪೂರ್ತಿ ಬಾಯಿಗೆ ಬರುತ್ತವೆ. ನಾವು ವೈವಾಕ್ಕೆ ಐದು ಪ್ರಶ್ನೆ ಬಾಯಿಪಾಠ ಮಾಡಿ ಆರನೆಯದಕ್ಕೆ ತೊದಲುತ್ತೇವೆ!

ರಾತ್ರಿಯಿಡೀ ಅವರಿಗೆ ಶಿಳ್ಳೆ, ಚಪ್ಪಾಳೆ, ನೋಟಿಗೆ ಪಿನ್ನು ಚುಚ್ಚಿ ಆಹೇರಿ, ಮೈಕಿನಲ್ಲಿ ಆಹೇರಿ ಕೊಟ್ಟವರ ಹೆಸರು. ಬೆಳಗಾದ ಮೇಲೆ? ಮುಖದ ಬಣ್ಣ ಒರೆಸಿಕೊಂಡು ಬಸ್ಸಿಗೆ ಕಾಯುತ್ತ ನಿಂತವರಿಗೆ ಕಟ್ಟೆಯ ಮೇಲೆ ಕೂತವರಿಂದ ಬೇರೆಯದೇ ಮಾತು. ಅದನ್ನು ಇಲ್ಲಿ ಬರೆಯಲಾರೆ. ಬಾತ್‌ರೂಮಿಗೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಅವರಿಗೆ ಗೊತ್ತಿರುವುದಿಲ್ಲ, ತಟ್ಟಿದರೆ ತೆಗೆಯುವ ಬಾಗಿಲೂ ಕಡಿಮೆ. ಒಂದು ಸಲ ಅವ್ವ ಒಬ್ಬರನ್ನು ಒಳಗೆ ಕರೆದು ಚಹಾ ಕೊಟ್ಟಿದ್ದಕ್ಕೆ ಪಕ್ಕದ ಮನೆಯವರು ‘ನಾಟಕದಾಕಿನ್ನ ಮನಿಯೊಳಗ ಕರದೀಯೇನವಾ?’ ಎಂದು ಕೇಳಿದ್ದರು. ಅವ್ವ ‘ರಾತ್ರಿಯೆಲ್ಲಾ ನೀವೂ ಮುಂದ ಕುಂತು ನೋಡೀರಲ್ರೀ ಅಕ್ಕಾ’ ಅಂದಳಂತೆ. ಪುಟ್ಟಕ್ಕನ ಅಭಿಮಾನಿಗೆ ಅಷ್ಟಾದರೂ ಧೈರ್ಯ ಬೇಕಲ್ಲ.

ಈ ‘ನಾಟಕದಾಕಿ’ ಎನ್ನುವ ಮಾತು ಹಳ್ಳಿಯಲ್ಲೇ ಉಳಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಅದು ನಮ್ಮ ಜೊತೆ ಬಸ್ ಹತ್ತಿ ಕಾಲೇಜಿಗೂ ಬಂದಿದೆ. ಯುವಜನೋತ್ಸವಕ್ಕೆ ನಾಟಕ ತಂಡ ಕಟ್ಟುವಾಗ ನನ್ನ ತರಗತಿಯ ಗೆಳತಿಯೊಬ್ಬಳು ಹೆಸರು ಕೊಟ್ಟಿದ್ದಳು. ಎರಡು ವಾರ ತಾಲೀಮು. ನಮ್ಮಲ್ಲೆಲ್ಲ ಅವಳದೇ ಒಳ್ಳೆಯ ದನಿ. ತಾಲೀಮಿನ ವಿಡಿಯೊವೊಂದು ಮನೆಯವರ ಕಣ್ಣಿಗೆ ಬಿತ್ತು. ‘ಬಿ.ಇ. ಓದಾಕ ಕಳಿಸೇವಿ, ನಾಟಕ ಮಾಡಾಕಲ್ಲ. ನಾಳೆ ನಿನ್ನ ಯಾರು ಮದುವಿ ಆಗತಾರ?’ ಎಂದು ಅವಳ ಅಣ್ಣ ಫೋನಿನಲ್ಲೇ ಕೂಗಾಡಿದ. ಅವಳು ಬಿಟ್ಟಳು. ತಮಾಷೆ ಏನೆಂದರೆ, ಅದೇ ಅಣ್ಣನ ಫೇಸ್‌ಬುಕ್ಕಿನಲ್ಲಿ ಊರ ನಾಟಕದ ಫೋಟೊಗಳಿವೆ. ಅವನೇ ಹೀರೊ. ಪಕ್ಕದಲ್ಲಿ ಬಾಡಿಗೆಗೆ ಬಂದ ಹೀರೊಯಿನ್.

ಪುಟ್ಟಕ್ಕನ ಕಣ್ಣೀರಿಗೆ ಜೊತೆಯಾಗಿ ಅಳುವ ಮನೆಗಳೇ ಮಗಳು ರಂಗ ಹತ್ತಿದರೆ ಮರ್ಯಾದೆ ಹೋಯಿತೆಂದು ಅಳುತ್ತವೆ. ಟಿ.ವಿ.ಯೊಳಗಿನ ನಟಿ ಬೇಕು, ಮನೆಯೊಳಗಿನ ನಟಿ ಬೇಡ. ‘ಗುಲಾಬಿ ಟಾಕೀಸ್’ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ವೈದೇಹಿ ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 2008ರಲ್ಲಿ ತೆಗೆದ ಸಿನಿಮಾ. ಕರಾವಳಿಯ ಮೀನುಗಾರರ ಊರಿನಲ್ಲಿ ಗುಲಾಬಿ ಒಬ್ಬ ಸೂಲಗಿತ್ತಿ, ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ದೊಡ್ಡ ಮನೆಯವರು ಅವಳಿಗೆ ಟಿ.ವಿ., ಡಿಶ್ ಕೊಡುತ್ತಾರೆ. ಅವಳ ಗುಡಿಸಲಿಗೆ ಕೇರಿಯ ಹೆಂಗಸರೆಲ್ಲ ಬರುತ್ತಾರೆ, ನಗುತ್ತಾರೆ, ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಕಾರ್ಗಿಲ್ ಯುದ್ಧದ ಕಾಲ. ಊರಿನ ಗಾಳಿ ಕೆಡುತ್ತದೆ. ನಿನ್ನೆಯವರೆಗೆ ಎಲ್ಲರ ಹೆರಿಗೆ ಮಾಡಿಸಿದವಳು ಇದ್ದಕ್ಕಿದ್ದ ಹಾಗೆ ‘ಮುಸ್ಲಿಂ ಗುಲಾಬಿ’ ಆಗಿಬಿಡುತ್ತಾಳೆ, ಅವಳು ಊರೇ ಬಿಡಬೇಕಾಗುತ್ತದೆ. ಉಮಾಶ್ರೀ ಅದರಲ್ಲಿ ಎಲ್ಲೂ ದೊಡ್ಡ ದನಿಯಲ್ಲಿ ಅಳುವುದಿಲ್ಲ. ಟಿ.ವಿ. ನೋಡುವಾಗ ಅವರ ಕಣ್ಣಲ್ಲಿ ಕಾಣುವ ಮಕ್ಕಳಂಥ ಆಸೆಯನ್ನು ನೋಡಿದರೆ ಸಾಕು.

ಆ ಪಾತ್ರಕ್ಕೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಸಿನಿಮಾದ ನಟನೆಗೆ ಈ ಪ್ರಶಸ್ತಿ ಅದಕ್ಕೂ ಮೊದಲು ಸಿಕ್ಕಿದ್ದು ‘ಕಾಡು’ ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ ಅವರಿಗೆ ಮತ್ತು ಕಾಸರವಳ್ಳಿಯವರದೇ ‘ಹಸೀನಾ’ಕ್ಕಾಗಿ ತಾರಾ ಅವರಿಗೆ.

‘ಅನುಭವ’ದಿಂದ ‘ಗುಲಾಬಿ ಟಾಕೀಸ್’ಗೆ 24 ವರ್ಷ. ಇಲ್ಲಿಯೇ ಭಾಷಣಕಾರರು ‘ತಾಳಿದವನು ಬಾಳಿಯಾನು’ ಎಂದು ಮುಗಿಸಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಂಗದ ಮೇಲೆ ಸಾಕವ್ವನನ್ನು ಕಂಡವರು ಬೆಂಗಳೂರಿನ ಗಾಂಧಿನಗರದಲ್ಲೂ ಇದ್ದರು. ಈಕೆಗೆ ಏನು ಬರುತ್ತದೆ ಎಂದು ಗೊತ್ತಿದ್ದೂ ಆ ಅಳತೆಯ ಸಿನಿಮಾ ಪಾತ್ರ ಕೈಗೆ ಬರುವಷ್ಟರಲ್ಲಿ ಅವರಿಗೆ ಐವತ್ತಾಗಿತ್ತು. ಕಾದಿದ್ದರಿಂದ ಸಿಕ್ಕಿತು ಅನ್ನುವುದಕ್ಕಿಂತ ಕೊಡಬೇಕಾದವರು ತಡಮಾಡಿದರು ಅನ್ನುವುದೇ ಸರಿ. ಅಲ್ಲದೆ, ಕಾದ ಎಲ್ಲರಿಗೂ ಕಾಸರವಳ್ಳಿ ಸಿಗುವುದಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬಣ್ಣ ಒರೆಸಿಕೊಳ್ಳುವವರಲ್ಲಿ ಎಷ್ಟು ಗುಲಾಬಿಯರಿದ್ದರೋ ಯಾರಿಗೆ ಗೊತ್ತು.

ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಇದರಲ್ಲಿ ಏನಿದೆ ಎಂದು ಕೇಳಬಹುದು. ನಮ್ಮ ಸೀನಿಯರ್‌ಗಳನ್ನೇ ನೋಡಿ. ಎಲೆಕ್ಟ್ರಾನಿಕ್ಸ್ ಮುಗಿಸಿ ಹುಬ್ಬಳ್ಳಿಯ ಬೈಕ್ ಶೋರೂಮಿನಲ್ಲಿ ಕೂತವರಿದ್ದಾರೆ. ಹಗಲು ಕಾಲ್ ಸೆಂಟರ್, ರಾತ್ರಿ ಪಿ.ಡಿ.ಒ. ಪರೀಕ್ಷೆಗೆ ಓದು ಎನ್ನುವವರಿದ್ದಾರೆ. ಊರಿಗೆ ಬಂದರೆ ‘ಬಿ.ಇ. ಮಾಡಿ ಇದನ್ನ ಮಾಡಾಕತ್ತೀಯೇನು?’ ಎಂಬ ಪ್ರಶ್ನೆ ಅವರಿಗಿಂತ ಮೊದಲೇ ಮನೆ ತಲುಪಿರುತ್ತದೆ. ಹಬ್ಬಕ್ಕೂ ಊರಿಗೆ ಬರದವರಿದ್ದಾರೆ. ನಾವು ಓದುತ್ತಿರುವವರೂ ಕಡಿಮೆಯಿಲ್ಲ. ಪ್ಲೇಸ್‌ಮೆಂಟ್ ಪಟ್ಟಿ ಅಂಟಿಸಿದ ದಿನ ಯಾರ ಪ್ಯಾಕೇಜ್ ಎಷ್ಟು ಎಂದು ನೋಡಿ ಗೆಳೆಯರ ಬೆಲೆಯನ್ನೂ ಅಲ್ಲೇ ಬರೆದುಬಿಡುತ್ತೇವೆ. ಹೊಟ್ಟೆಗಾಗಿ ಮಾಡುವ ಕೆಲಸವೇ ಮನುಷ್ಯನ ಪೂರ್ತಿ ಅಳತೆ ಎಂದುಕೊಂಡರೆ ಉಮಾಶ್ರೀ ಇಪ್ಪತ್ನಾಲ್ಕು ವರ್ಷ ‘ಡಬಲ್ ಮೀನಿಂಗ್ ನಟಿ’ ಮಾತ್ರ ಆಗಿದ್ದರು ಎಂದು ಒಪ್ಪಬೇಕಾಗುತ್ತದೆ. ಆಗ ಸಾಕವ್ವನನ್ನು ಎಲ್ಲಿಡುವುದು?

ಹಾಗೆಂದು ಶೋರೂಮಿನ ಅಣ್ಣನಿಗೆ ‘ನೀನೂ ಸಂಜೆ ಏನಾದರೂ ಸಾಧನೆ ಮಾಡು’ ಎಂದು ಉಪದೇಶ ಮಾಡಹೊರಟಿಲ್ಲ. ಹತ್ತು ತಾಸು ನಿಂತು ಬಂದವನಿಗೆ ಸಾಧನೆ ಮಾಡು ಅನ್ನುವುದು ಸುಲಭ. ಮಕ್ಕಳ ಶಾಲೆ ಫೀಸಿಗಾಗಿ ಬೇಡದ ಪಾತ್ರ ಒಪ್ಪಿಕೊಂಡರೂ ಅದನ್ನು ಕಾಟಾಚಾರಕ್ಕೆ ಮಾಡದ ಮರ್ಯಾದೆ ಇದೆಯಲ್ಲ, ಅದು ಅವನಲ್ಲೂ ಇರಬಹುದು, ನೋಡುವ ಕಣ್ಣು ನಮಗೆ ಬೇಕು.

ಮಾತು ಬಂತೆಂದು ಇನ್ನೊಂದು ಸಂಗತಿ. ಪ್ಲೇಸ್‌ಮೆಂಟ್ ತರಬೇತಿಗೆ ಬಂದವರೊಬ್ಬರು ನಮ್ಮ ಇಂಗ್ಲಿಷಿನಲ್ಲಿ ಊರಿನ ಧಾಟಿ ಇದೆಯೆಂದು ನಕ್ಕರು. ಅದು ಹೋಗಲಿ, ಹೊರ ಜಿಲ್ಲೆಯ ಗೆಳೆಯರು ನಮ್ಮ ಕನ್ನಡಕ್ಕೂ ನಗುತ್ತಾರೆ. ‘ಬರ್ತೀನ್ರೀ, ಹೋಗ್ತೀನ್ರೀ’ ಎಂದು ಅಣಕಿಸುತ್ತಾರೆ. ಉಮಾಶ್ರೀ ಸಾಕವ್ವನಿಗೆ ನಂಜನಗೂಡಿನ ಕನ್ನಡ, ಗುಲಾಬಿಗೆ ಕುಂದಾಪುರದ ಕನ್ನಡ, ಪುಟ್ಟಕ್ಕನಿಗೆ ಹಳೇ ಮೈಸೂರಿನ ಹಳ್ಳಿಗನ್ನಡ ಆಡಿದವರು. ಯಾವುದನ್ನೂ ನಗಿಸುವುದಕ್ಕೆಂದು ಆಡಲಿಲ್ಲ, ಆ ಹೆಂಗಸರ ಬಾಯಲ್ಲಿ ಅದೇ ಇತ್ತು ಎಂದು ಆಡಿದರು. ಅವರಿಗೆ ಬೇರೆಯವರ ಮಾತನ್ನು ಕಲಿಯುವುದೇ ಕಸುಬಾದರೆ ನಮಗೆ ನಮ್ಮದನ್ನು ಮರೆಯುವುದೇ ಟ್ರೇನಿಂಗು.

ರಾಜಕೀಯದ ವಿಷಯ ಹೆಚ್ಚು ಬೇಡ. 2013ರಲ್ಲಿ ತೇರದಾಳದಿಂದ ಶಾಸಕಿಯಾದರು, ಮಂತ್ರಿಯಾದರು, ಮುಂದಿನ ಚುನಾವಣೆಯಲ್ಲಿ ಸೋತರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಪಕ್ಷ, ಅವರ ಆಡಳಿತ ಹೇಗಿತ್ತೆಂದು ಮತ ಹಾಕಿದವರು ಹೇಳಲಿ. ನನಗೆ ಹಿಡಿಸಿದ್ದು, ಮಂತ್ರಿಗಿರಿ ಆದಮೇಲೂ ಅವರು ಬಣ್ಣಕ್ಕೆ ಮರಳಿದ್ದು. ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕ ಮಾಡಿದರು. 2021ರ ಕೊನೆಗೆ ಪುಟ್ಟಕ್ಕನಾದರು. 2025ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಹೊನ್ನಾವರದಲ್ಲಿ, ಪೆರ್ಡೂರು ಮೇಳದವರ ಜೊತೆ, ಯಕ್ಷಗಾನದ ಮಂಥರೆಯಾಗಿ ರಂಗಕ್ಕೆ ಬಂದರು. ಅರವತ್ತೇಳರ ವಯಸ್ಸಿನಲ್ಲಿ ಹೊಸ ಹೆಜ್ಜೆ, ಹೊಸ ತಾಳ. ಗಂಡಸರೇ ಹೆಣ್ಣು ವೇಷ ಕಟ್ಟುವ ಮೇಳದ ರಂಗದ ಮೇಲೆ ಒಬ್ಬ ಹೆಂಗಸು ಬಂದು ಹೆಂಗಸಿನ ಪಾತ್ರ ಮಾಡಿದ್ದು ಆವತ್ತು ಸುದ್ದಿಯಾಯಿತು! ಘಟ್ಟದ ಕೆಳಗೆ ಅದು ಸುದ್ದಿ, ಘಟ್ಟದ ಮೇಲೆ ನಮ್ಮಲ್ಲಿ ಹೆಂಗಸಿನ ಪಾತ್ರಕ್ಕೆ ಹೆಂಗಸೇ ಬೇಕು, ಆದರೆ ಬೇರೆಯವರ ಮನೆಯ ಹೆಂಗಸು.

ಹಾಗಾಗಿ ಜಾತ್ರೆಯ ನಾಟಕ ಮಾಡಿಸುವ ಊರಿನ ಹಿರಿಯರಲ್ಲಿ, ಹೀರೊ ಪಾರ್ಟು ಹಿಡಿಯುವ ಅಣ್ಣಂದಿರಲ್ಲಿ ಕೆಲವು ಬೇಡಿಕೆಗಳಿವೆ. ಬರುವ ಕಲಾವಿದೆಯರಿಗೆ ಬಾಗಿಲು ಮುಚ್ಚುವ ಒಂದು ಕೋಣೆ ಮತ್ತು ನೀರಿನ ವ್ಯವಸ್ಥೆ ಇರಲಿ. ಶಾಲೆಯ ಕೋಣೆಯಾದರೂ ಆಗುತ್ತದೆ, ರಜೆ ಇರುತ್ತದಲ್ಲ. ಮಾತಾಡಿದ ಹಣ ನಾಟಕಕ್ಕೆ ಮೊದಲೇ ಅವರ ಕೈಗೆ ಬರಲಿ, ಬೆಳಿಗ್ಗೆ ಬಸ್ ತಪ್ಪಿಸಿಕೊಂಡು ಕಮಿಟಿಯವರ ಹಿಂದೆ ಅಲೆಯುವ ಹಾಗಾಗಬಾರದು. ಮೊದಲ ಬಸ್ಸಿಗೆ ಅವರನ್ನು ಹತ್ತಿಸಲು ಕಮಿಟಿಯವರೇ ಯಾರಾದರೂ ಜೊತೆಗೆ ಹೋಗಲಿ, ಕಟ್ಟೆಯವರ ಬಾಯಿ ಅಷ್ಟಕ್ಕೇ ಮುಚ್ಚುತ್ತದೆ. ಮತ್ತೆ ತಂಗಿಯ ಪಾತ್ರಕ್ಕೋ, ಗೆಳತಿಯ ಪಾತ್ರಕ್ಕೋ, ಎರಡೇ ಸೀನಿನ ಪಾತ್ರಕ್ಕಾದರೂ ಊರಿನ ಹುಡುಗಿಯೊಬ್ಬಳನ್ನು ಕೇಳಿ ನೋಡಿ. ತಾಲೀಮು ರಾತ್ರಿ ಹನ್ನೆರಡರ ಬದಲು ಸಂಜೆ ಇಟ್ಟರೆ ಬರುವವರು ಇದ್ದೇ ಇರುತ್ತಾರೆ. ನನ್ನ ಗೆಳತಿಯ ಊರಿನಲ್ಲೂ ಈ ಸಲ ನಾಟಕವಿದೆ, ಅವಳ ಅಣ್ಣನೇ ಮತ್ತೆ ಹೀರೊ. ತಂಗಿಯ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವಂತೆ.